ಸಾಮಾಜಿಕ ನ್ಯಾಯ ಮೊದಲನೇ ಮಹಡಿಯಲ್ಲಿ

ತರಗತಿಯೊಳಗೆ ಸಾಮಾಜಿಕ ನ್ಯಾಯ ತರುವುದು ಹೇಗೆಂದು ಕಲಿಸುವ ಕಾರ್ಯಾಗಾರಕ್ಕೆ ನಮ್ಮನ್ನು ಕರೆದಿದ್ದರು. ಕರೆದಿದ್ದರು ಅಂದರೆ, ಬರದಿದ್ದರೆ ಕಾರಣ ಬರೆದು ಕೊಡಿ ಎಂದಿದ್ದರು. ಸಭಾಂಗಣ ಮೊದಲನೇ ಮಹಡಿಯಲ್ಲಿ. 22 ಮೆಟ್ಟಿಲು, ಲಿಫ್ಟ್ ಇಲ್ಲ. ಗಾಲಿಕುರ್ಚಿಯಲ್ಲಿ ಬಂದಿದ್ದ ಗಣಿತದ ಮೇಡಂ ಕೆಳಗೇ ಉಳಿದರು. ಸಂಘಟಕರು ಓಡಿ ಬಂದು, "ನೀವೇನೂ ಬೇಜಾರು ಮಾಡ್ಕೋಬೇಡಿ ಮೇಡಂ, ಹಾಜರಿ ಪುಸ್ತಕ ಕೆಳಗೇ ಕಳಿಸ್ತೀವಿ" ಅಂದರು.

ಮೇಲೆ ಮೊದಲ ಸ್ಲೈಡಿನಲ್ಲೇ ಇಳಿಜಾರು ದಾರಿಯ ಚಿತ್ರವಿತ್ತು. ಒಳ್ಳೇ ಬಣ್ಣದ ಚಿತ್ರ.

ಸಂಪನ್ಮೂಲ ವ್ಯಕ್ತಿಗಳು 1994ಕ್ಕೆ ಹೋದರು. ಆ ವರ್ಷ ಸ್ಪೇನಿನ ಸಲಮಾಂಕದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ, ಸಾಮಾನ್ಯ ಶಾಲೆಯ ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿರಬೇಕು ಎಂದು ಹೇಳಿಕೆ ಹೊರಡಿಸಿದ್ದರಂತೆ. (ಅವರ ಸಭೆ ಎಷ್ಟನೇ ಮಹಡಿಯಲ್ಲಿ ನಡೆಯಿತೋ.) ಅಲ್ಲಿಂದ ಬ್ರೆಜಿಲಿಗೆ ಹಾರಿ ಅಲ್ಲಿನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆಯನ್ನು ಹಿಡಿದರು. ಮೇಷ್ಟ್ರು ಠೇವಣಿ ಇಡುವವರು, ಮಕ್ಕಳು ಬಾಯಿ ಮುಚ್ಚಿಕೊಂಡು ತುಂಬಿಸಿಕೊಳ್ಳುವ ಖಾತೆಗಳು. ಈ 'ಬ್ಯಾಂಕಿಂಗ್' ಶಿಕ್ಷಣ ತೊಲಗಬೇಕು, ಸಂವಾದ ಬರಬೇಕು ಎಂದ ಮಹಾನುಭಾವ. ಇದನ್ನು ವಿವರಿಸಲು ಅವರಿಗೆ ಒಂದು ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಒಬ್ಬರು ಕೈ ಎತ್ತಿದರು. "ಪ್ರಶ್ನೆಗಳೆಲ್ಲ ಕೊನೆಗೆ." ಕೊನೆಗೆ ಸಮಯ ಇರಲಿಲ್ಲ. ಅಷ್ಟರಲ್ಲಿ ನಮ್ಮ ಖಾತೆಗಳು ಭರ್ತಿಯಾಗಿ ತೂಕಡಿಸುತ್ತಿದ್ದವು.

41ನೇ ಸ್ಲೈಡಿನಲ್ಲಿ ಮಾತ್ರ ನನಗೆ ಎಚ್ಚರವಾಯಿತು. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣ ಕೇಳಿಸಿಕೊಂಡು 1970ರ ದಶಕದಲ್ಲಿ ಹೇಳಿದ್ದು: ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಉತ್ತರಕ್ಕೆ ಕಾಯುವುದು ಸರಾಸರಿ 1 ಸೆಕೆಂಡು. ಅದರಲ್ಲೂ ಜಾಣರೆನಿಸಿಕೊಂಡವರಿಗೆ ಹೆಚ್ಚು ಹೊತ್ತು, ದಡ್ಡರೆನಿಸಿಕೊಂಡವರಿಗೆ ಕಡಿಮೆ. ಅದೇ 3 ಸೆಕೆಂಡು ಕಾದರೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ. ಬರೆದುಕೊಳ್ಳೋಣವೆಂದು ಪೆನ್ನಿನ ಮುಚ್ಚಳ ತೆಗೆದೆ. ಆ ಸ್ಲೈಡು ಪರದೆಯ ಮೇಲೆ ನಿಂತಿದ್ದೂ ಹೆಚ್ಚುಕಡಿಮೆ ಒಂದೇ ಸೆಕೆಂಡು.

ನಾನೇನು ಸಾಚಾ ಅಲ್ಲ. ನನ್ನ ತರಗತಿಯ ಕೊನೇ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಪ್ರಶ್ನೆ ಕೇಳಿದರೆ ಮೊದಲು ಎದ್ದು ನಿಲ್ಲುತ್ತಾಳೆ, ಆಮೇಲೆ ಲಂಗ ಸರಿಮಾಡಿಕೊಳ್ಳುತ್ತಾಳೆ, ತುಟಿ ಅಲುಗಾಡುತ್ತದೆ. ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗ ಉತ್ತರ ಒಪ್ಪಿಸಿ, ನಾನು ಶಾಬಾಷ್ ಹೇಳಿ, ಪಾಠ ಮುಂದಿನ ಪುಟಕ್ಕೆ ಹೋಗಿರುತ್ತದೆ. ಪೋರ್ಷನ್ ಮುಗಿಸಬೇಕಲ್ಲ.

ಮಧ್ಯಾಹ್ನ ಗುಂಪು ಚಟುವಟಿಕೆ. ಎಲ್ಲರೂ ಕೈ ಕೈ ಹಿಡಿದು ವೃತ್ತ ಮಾಡಿದೆವು. ಫೋಟೊದಲ್ಲಿ ಬ್ಯಾನರ್ ಕಾಣುತ್ತಿಲ್ಲವೆಂದು ವೃತ್ತವನ್ನು ಅರ್ಧ ಮುರಿದು, ಎತ್ತರದವರನ್ನು ಹಿಂದಕ್ಕೆ ತಳ್ಳಿದರು. ಕೊನೆಯಲ್ಲಿ ಒಂದೊಂದು ವಹಿ ಕೊಟ್ಟರು. ಯಾವ ಮಗುವನ್ನು ಎಷ್ಟು ಒಳಗೊಂಡೆವು ಎಂದು ಪ್ರತಿದಿನ 14 ಅಂಕಣ ತುಂಬಬೇಕು. ಯಾವಾಗ ಸರ್ ತುಂಬೋದು ಎಂದಿದ್ದಕ್ಕೆ, "ಪಾಠ ಮಾಡ್ತಾ ಮಾಡ್ತಾನೇ" ಎಂಬ ಉತ್ತರ ಥಟ್ಟನೆ ಬಂತು. ಅಲ್ಲಿ ಕಾಯುವ ಪ್ರಮೇಯವೇ ಇರಲಿಲ್ಲ.

ಕೆಳಗೆ ಬಂದರೆ, ಮೇಡಂ ಕೈಗೆ ಆಗಲೇ ಪ್ರಮಾಣಪತ್ರ ಸೇರಿತ್ತು: 'ಉತ್ಸಾಹದಿಂದ ಪಾಲ್ಗೊಂಡಿರುತ್ತಾರೆ.'

"ಏನು ಹೇಳ್ಕೊಟ್ರು ಮೇಲೆ?" ಅಂತ ಕೇಳಿದರು. ಕೇಳಿ, ನನ್ನ ಮುಖ ನೋಡುತ್ತಾ ಸುಮ್ಮನೆ ಕಾದರು. ಮೂರು ಸೆಕೆಂಡಿಗಿಂತ ಜಾಸ್ತಿಯೇ ಆಗಿರಬೇಕು.

"22 ಮೆಟ್ಟಿಲಿದೆ ಮೇಡಂ" ಅಂದೆ.