ಮಕ್ಕಳ ಜೊತೆ ಕೆಲ್ಸ ಅಂದ್ರೆ ನರ್ಸರಿ ಟೀಚರ್ ಒಂದೇ ಅಲ್ಲ

"ಮಕ್ಕಳಂದ್ರೆ ಇಷ್ಟ ಇದ್ರೆ ಸಾಕು, ಟ್ರೈನಿಂಗ್ ಬೇಡ, ಇರೋದೂ ನರ್ಸರಿ ಟೀಚರ್ ಕೆಲ್ಸ ಒಂದೇ" ಅಂತ ಒಂದು ಮೆಸೇಜ್ ಓಡಾಡ್ತಿದೆ, ಎರಡೂ ತಪ್ಪು. ಡೇಕೇರ್, ನ್ಯಾನಿ ಬಿಡಿ, ಕಲಿಯೋಕೆ ವಿಶೇಷ ನೆರವು ಬೇಕಾದ ಮಕ್ಕಳಿಗೆ ಪಾಠ ಹೇಳೋ ಸ್ಪೆಷಲ್ ಎಜುಕೇಟರ್ ಇದಾರೆ, ಮಾತು ತಡವಾದ ಮಕ್ಕಳಿಗೆ ಸ್ಪೀಚ್ ಥೆರಪಿಸ್ಟ್, ಬಟನ್ ಹಾಕೋದು ಪೆನ್ಸಿಲ್ ಹಿಡಿಯೋದು ಕಷ್ಟ ಆಗೋರಿಗೆ ಆಕ್ಯುಪೇಷನಲ್ ಥೆರಪಿಸ್ಟ್, ಆಪರೇಷನ್‌ಗೆ ಮುಂಚೆ ಗೊಂಬೆ ಇಟ್ಕೊಂಡು ಆಟದಲ್ಲೇ ಮಗುವಿನ ಭಯ ಕಡ್ಮೆ ಮಾಡೋ ಚೈಲ್ಡ್ ಲೈಫ್ ಸ್ಪೆಷಲಿಸ್ಟ್ ಕೂಡ (ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ). ಮಕ್ಕಳ ಕೆಲ್ಸಕ್ಕೆ ಬೇರೆ ಓದಿನಿಂದಲೂ ಬರ್ಬಹುದು: 1907ರಲ್ಲಿ ರೋಮ್‌ನಲ್ಲಿ 'ಮಕ್ಕಳ ಮನೆ' ಅನ್ನೋ ಪುಟಾಣಿಗಳ ಶಾಲೆ ಶುರು ಮಾಡಿದ ಮರಿಯಾ ಮಾಂಟೆಸ್ಸರಿ ಓದಿದ್ದು ಡಾಕ್ಟರಿಕೆ. ಇನ್ನು ಟ್ರೈನಿಂಗು: ವರ್ಷ ತುಂಬದ ಕೂಸಿನ ಗಂಟಲಲ್ಲಿ ಏನಾದ್ರೂ ಸಿಕ್ಕಾಕೊಂಡ್ರೆ ಹೊಟ್ಟೆ ಒತ್ತಬಾರ್ದು, ಬೆನ್ನು ತಟ್ಟಿ ಎದೆ ಒತ್ಬೇಕು, ಇದು ಪ್ರೀತಿಯಿಂದ ತಾನಾಗೇ ಬರಲ್ಲ ಕಣ್ರೀ. ಥೆರಪಿ ಕೆಲ್ಸಗಳಿಗಂತೂ ಡಿಗ್ರಿ ಬೇಕೇ ಬೇಕು.