ಓಟಕ್ಕಿಂತ ಟೋಕನ್ ಹಂಚುವ ಕೆಲಸ ದೊಡ್ಡದು

ಇಂಗ್ಲೆಂಡಿನ ನೂರಾರು ಪಾರ್ಕುಗಳಲ್ಲಿ ಶನಿವಾರ ಬೆಳಿಗ್ಗೆ 9ಕ್ಕೆ ಪಾರ್ಕ್‌ರನ್ ಅನ್ನುವ 5 ಕಿ.ಮೀ. ಓಟ ನಡೆಯುತ್ತದೆ. 2004ರಲ್ಲಿ ಪಾಲ್ ಸಿಂಟನ್-ಹೆವಿಟ್ ಇದನ್ನು ಲಂಡನ್ನಿನ ಬುಷಿ ಪಾರ್ಕಿನಲ್ಲಿ ಶುರು ಮಾಡಿದಾಗ ಓಡಿದವರು 13 ಮಂದಿ. ಶುಲ್ಕವಿಲ್ಲ. ಒಮ್ಮೆ ಹೆಸರು ನೋಂದಾಯಿಸಿ ಬಾರ್‌ಕೋಡ್ ಪಡೆದರೆ ಯಾವ ಊರಿನ ಪಾರ್ಕಿನಲ್ಲಾದರೂ ಓಡಬಹುದು.

ಬೆಂಗಳೂರಿನಲ್ಲಿ ಓಟಕ್ಕೇನು ಬರವಿಲ್ಲ. 2008ರಿಂದ 10ಕೆ, ಅಂದರೆ 10 ಕಿ.ಮೀ. ಓಟ, ಇದೆ. ಹಿರಿಯ ನಾಗರಿಕರಿಗೊಂದು, ಅಂಗವಿಕಲರಿಗೊಂದು, ಮಜಾಕ್ಕೆ ಬರುವವರಿಗೊಂದು ಓಟ. ಎಲ್ಲರಿಗೂ ಜಾಗ ಕೊಟ್ಟ ಹಾಗೂ ಆಯಿತು, ಯಾರೂ ಯಾರ ಜೊತೆಗೂ ಓಡದ ಹಾಗೂ ಆಯಿತು. ಪಾರ್ಕ್‌ರನ್ನಿನಲ್ಲಿ ಎಲ್ಲರೂ ಒಂದೇ ಗೆರೆಯಿಂದ ಹೊರಡುತ್ತಾರೆ. ವೇಗದವರು ಮುಂದೆ, ಮಗುವಿನ ಗಾಡಿ ತಳ್ಳುವವರು ನಡುವೆ, ನಡೆಯುವವರು ಹಿಂದೆ. ಕಟ್ಟಕಡೆಗೆ ಟೇಲ್ ವಾಕರ್ ಅನ್ನುವ ಸ್ವಯಂಸೇವಕರೊಬ್ಬರು. ಅವರ ಕೆಲಸವೇ ಕೊನೆಯವರಾಗುವುದು. 2024ರಲ್ಲಿ ಜಾಲತಾಣದಿಂದ ವೇಗದ ದಾಖಲೆಗಳನ್ನು ತೆಗೆದುಹಾಕಿದಾಗ ಜೋರಾಗಿ ಓಡುವವರು ಸಿಟ್ಟಾದರು. ಅವರ ಸಿಟ್ಟಲ್ಲೂ ನ್ಯಾಯವಿದೆ ಅನ್ನಿ.

ಆದರೆ ಜನ ಬೆರೆಯುವುದು ಓಟದಲ್ಲಿ ಅಂತ ನನಗನ್ನಿಸುವುದಿಲ್ಲ. ಏದುಸಿರು ಬಿಡುವವರು ಯಾರನ್ನು ಮಾತಾಡಿಸಿಯಾರು? ಬೆರೆಯುವುದು ಓಟ ನಡೆಸುವ ಕೆಲಸದಲ್ಲಿ. ಮುಕ್ತಾಯದ ಗೆರೆ ದಾಟಿದವರು ಟೇಪು ಕಟ್ಟಿದ ಕಿರಿದಾದ ಸಾಲಿನಲ್ಲಿ ಒಬ್ಬರ ಹಿಂದೊಬ್ಬರು ಬರುತ್ತಾರೆ. ಗೆರೆಯ ಹತ್ತಿರ ನಿಂತವರು ಒಂದೊಂದು ತಲೆಗೆ ಒಂದೊಂದು ಸಲ ಗಡಿಯಾರ ಒತ್ತುತ್ತಾರೆ, ಸಾಲಿನ ತುದಿಯಲ್ಲಿ ಇನ್ನೊಬ್ಬರು ಎಷ್ಟನೆಯವರಾಗಿ ಬಂದರೆಂಬ ಅಂಕಿ ಹಾಕಿದ ಟೋಕನ್ ಕೊಡುತ್ತಾರೆ, ಮತ್ತೊಬ್ಬರು ಓಟಗಾರರ ಬಾರ್‌ಕೋಡನ್ನೂ ಟೋಕನ್ನನ್ನೂ ಸ್ಕ್ಯಾನ್ ಮಾಡುತ್ತಾರೆ. ಸಾಲಿನೊಳಗೆ ಯಾರೋ ಒಬ್ಬರು ಮುಂದೆ ನುಸುಳಿದರೆ ಇಬ್ಬರ ಸಮಯ ಅದಲುಬದಲಾಗುತ್ತದೆ. ಗೆರೆ ದಾಟಿಯೂ ಟೋಕನ್ ತೆಗೆದುಕೊಳ್ಳದೆ ಪಕ್ಕಕ್ಕೆ ಸರಿದರಂತೂ ಅವರ ಸಮಯ ಹಿಂದಿನವರಿಗೆ ಬಿದ್ದು, ಅಲ್ಲಿಂದಾಚೆ ಎಲ್ಲರದೂ ಒಂದೊಂದು ಸ್ಥಾನ ಜಾರುತ್ತದೆ. ಗಡಿಯಾರ ಹಿಡಿಯುವವರು ಇಬ್ಬರಿರುವುದು, ನಡುನಡುವೆ ಟೋಕನ್ ಅಂಕಿ ಕೂಗಿ ತಾಳೆ ನೋಡುವುದು ಇದಕ್ಕೇ. ಮರೆತು ಟೋಕನ್ ಜೇಬಿಗಿಳಿಸಿ ಮನೆಗೆ ಹೋಗುವವರು ಪ್ರತಿ ಪಾರ್ಕಿನಲ್ಲೂ ಇದ್ದಾರೆ. ಹಾಗಾಗಿ ಕೊನೆಗೆ ನಾಲ್ಕು ಜನ ಕೂತು ಟೋಕನ್ನುಗಳನ್ನು ಅಂಕಿಯ ಪ್ರಕಾರ ಜೋಡಿಸಲೇಬೇಕು. ಡಾಕ್ಟರು, ಡ್ರೈವರು, ಶಾಲೆಯ ಹುಡುಗಿ ಒಟ್ಟಿಗೆ ತಲೆ ಕೆಡಿಸಿಕೊಂಡು 87 ಎಲ್ಲಿ ಹೋಯಿತು ಅಂತ ಹುಡುಕುವುದು ಆಗಲೇ.

ಕಬ್ಬನ್ ಪಾರ್ಕಿನಲ್ಲಿ ಇಂಥದ್ದೊಂದು ನಡೆಸಲು ತೋಟಗಾರಿಕೆ ಇಲಾಖೆಯ ಅನುಮತಿ, ಹತ್ತು ಹನ್ನೆರಡು ಜನ, ವಾರವಾರವೂ ತಪ್ಪದ ಒಂದೇ ಹೊತ್ತು ಸಾಕು. ಇಂಗ್ಲೆಂಡಿನ ಒಂದು ಕೊರತೆಯನ್ನು ಮಾತ್ರ ನಕಲು ಮಾಡಬಾರದು: ಬಾರ್‌ಕೋಡ್ ಸಿಗಬೇಕಾದರೆ ಇಂಟರ್ನೆಟ್ಟು, ಇಮೇಲು ಬೇಕು. ಪಾರ್ಕಿನ ಗುಡಿಸುವವರು, ಮಾಲಿಗಳು ಓಡಬೇಕೆಂದರೆ ಅಲ್ಲೇ ಹೆಸರು ಬರೆದುಕೊಂಡು ಅಚ್ಚಾದ ಕಾರ್ಡು ಕೊಡುವ ಮೇಜೊಂದಿರಲಿ. ಆಳುಗಳನ್ನು ಬಾಡಿಗೆಗೆ ಕರೆಸಿ ಟೋಕನ್ ಹಂಚಿಸುವುದಾದರೆ ಮಾತ್ರ ಇದನ್ನು ಶುರು ಮಾಡದಿರುವುದೇ ವಾಸಿ.