ಮುಂದಿನ ವಿಕೆಟ್ ಯಾರದು?

ಮೊನ್ನೆ ಅಂಗಡಿ ಪಕ್ಕದ ಚಹಾದ ಗಾಡಿ ಹತ್ತಿರ ನಿಂತಿದ್ದೆ. ಒಬ್ಬ ಹುಡುಗ ಮೊಬೈಲ್ ನೋಡುತ್ತಾ "ಇನ್ನೊಂದು ವಿಕೆಟ್ ಬಿತ್ ನೋಡ್ರಪಾ" ಅಂದ. ಯಾರೋ ಹಳೆಯ ಕಲಾವಿದರು ತೀರಿಕೊಂಡಿದ್ದರು. ಪಕ್ಕದವನು ಯಾರು, ಏನಾಗಿತ್ತು ಅಂತ ಕೇಳಲೇ ಇಲ್ಲ. "ಮುಂದಿಂದು ಯಾರದಲೇ?" ಅಂದ. ಆಮೇಲೆ ಇಬ್ಬರೂ ಸೇರಿ ಹೆಸರು ಎಣಿಸತೊಡಗಿದರು. ಇವರಿಗೆ ಡಯಾಲಿಸಿಸ್ ನಡೆದಿದೆಯಂತೆ, ಅವರನ್ನು ಮೊನ್ನೆ ವೀಲ್‌ಚೇರ್ ಮೇಲೆ ಕರೆತಂದಿದ್ದರು ನೋಡಿಲ್ಲೇನು, ಆ ಮುದುಕ ಈ ಚಳಿಗಾಲ ದಾಟಂಗಿಲ್ಲ ಬಿಡು.

ಬೈಯಬೇಕು ಅನಿಸಿತು, ಬೈಯಲಿಲ್ಲ. ಈ ಆಟದಲ್ಲಿ ನಾನು ಅವರಿಗಿಂತ ಹಳಬ. ಅವರು ಸುಮ್ನೆ ಬಾಯಲ್ಲಿ ಎಣಿಸಿದ್ದನ್ನು ನಾನು ಕಂಪ್ಯೂಟರ್‌ನಲ್ಲಿ ಫೋಲ್ಡರ್ ಮಾಡಿ ಇಟ್ಟುಕೊಂಡಿದ್ದೆ.

ವಿಜಯಪುರದ ಸ್ಟೇಶನ್ ರೋಡ್ ಕಡೆ ನನ್ನದೊಂದು ಸಣ್ಣ ಫ್ಲೆಕ್ಸ್ ಅಂಗಡಿ. ಜಾತ್ರೆ, ಬರ್ತ್‌ಡೇ, ಅಂಗಡಿ ಓಪನಿಂಗ್, ಗೆದ್ದವರಿಗೆ ಅಭಿನಂದನೆ, ಇದೆಲ್ಲಾ ದಿನ ಗೊತ್ತಿರುವ ಕೆಲಸ. ಶ್ರದ್ಧಾಂಜಲಿ ಹಾಗಲ್ಲ. ಬಂದರೆ ಒಮ್ಮೆಲೇ ಹತ್ತು ಆರ್ಡರ್, ಎಲ್ಲರಿಗೂ ಎರಡು ತಾಸಿನೊಳಗೆ ಬೇಕು. ಒಳ್ಳೆ ಫೋಟೋ ಹುಡುಕಬೇಕು, ಹಿಂದಿನದೆಲ್ಲ ಕತ್ತರಿಸಿ ತೆಗೆಯಬೇಕು, ದೀಪ ಕೂರಿಸಬೇಕು, ಕೆಳಗೆ ದುಃಖತಪ್ತ ಅಭಿಮಾನಿಗಳ ಇಪ್ಪತ್ತು ಮುಖ ಸಾಲಾಗಿ ಹಾಕಬೇಕು. ತೀರಿಕೊಂಡವರ ಫೋಟೋ ಎಷ್ಟು ದೊಡ್ಡದಿರಬೇಕು ಅಂತ ಯಾರೂ ಕೇಳಲ್ಲ, ಕೆಳಗಿನ ಸಾಲಿನಲ್ಲಿ ನನ್ನ ಮುಖ ಅವನದಕ್ಕಿಂತ ಸಣ್ಣದಾಯಿತು ಅಂತ ಜಗಳ ಆಡ್ತಾರೆ.

2018ರ ನವೆಂಬರ್ 24, ಶನಿವಾರ ರಾತ್ರಿ ಅಂಬರೀಶ್ ಹೋದರು. ನಾನು ಭಾನುವಾರ ತಡವಾಗಿ ಎದ್ದು ಅಂಗಡಿ ತೆಗೆಯುವಷ್ಟರಲ್ಲಿ ನಮ್ಮ ಏರಿಯಾದ ಅಷ್ಟೂ ಆರ್ಡರ್ ಬೇರೆಯವನ ಪಾಲಾಗಿತ್ತು. ಆ ಸಿಟ್ಟಿನಲ್ಲೇ ಒಂದು ಫೋಲ್ಡರ್ ಮಾಡಿದೆ. 'ರೆಡಿ' ಅಂತ ಹೆಸರಿಟ್ಟೆ. ವಯಸ್ಸಾದವರು, ಆಸ್ಪತ್ರೆ ಸೇರಿದವರು, ಹೀಗೆ ಒಂದು ಹದಿನೈದು ಜನರ ಡಿಸೈನ್. ತಾರೀಕಿನ ಜಾಗ ಮಾತ್ರ ಖಾಲಿ. ಅದರಲ್ಲಿದ್ದ ಕೆಲವರು ಇವತ್ತಿಗೂ ಚೆನ್ನಾಗಿದ್ದಾರೆ, ಹಾಗಾಗಿ ಅವರ ಹೆಸರು ಇಲ್ಲಿ ಬರೆಯಲ್ಲ.

ಎರಡೇ ತಿಂಗಳಲ್ಲಿ ಫೋಲ್ಡರ್ ಕೆಲಸಕ್ಕೆ ಬಂತು. 2019ರ ಜನವರಿ 21ಕ್ಕೆ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದರು. 111 ವರ್ಷ. ನಾನು ತಾರೀಕು ಹೊಡೆದು ಮಷಿನ್‌ಗೆ ಬಿಟ್ಟೆ, ಸಂಜೆಯೊಳಗೆ ಒಳ್ಳೆ ದುಡ್ಡು ಎಣಿಸಿದೆ. ಆದರೆ ಅದಕ್ಕೂ ಮುಂಚಿನ ದಿನಗಳ ವಿಷಯ ಯಾರಿಗೂ ಹೇಳಿಲ್ಲ, ಈಗ ಹೇಳುತ್ತೇನೆ. ದಿನಾ ಬೆಳಿಗ್ಗೆ ಟಿವಿ ಹಾಕುತ್ತಿದ್ದೆ. 'ಶ್ರೀಗಳ ಆರೋಗ್ಯದಲ್ಲಿ ಚೇತರಿಕೆ' ಅಂತ ಕೆಳಗೆ ಪಟ್ಟಿ ಓಡಿದ ದಿನ ನನಗೆ ಒಂಥರಾ ಬೇಜಾರಾಗುತ್ತಿತ್ತು. ಅವರು ಸಾಯಲಿ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ, ದೇವರಾಣೆ. ಆದರೂ ಬೇಜಾರಾಗುತ್ತಿತ್ತು, ಅಷ್ಟೇ. ನೂರು ವರ್ಷ ದಾಟಿಯೂ ಸಾವಿರಾರು ಬಡ ಮಕ್ಕಳ ಅನ್ನ ಅಕ್ಷರ ನೋಡಿಕೊಂಡ ಮನುಷ್ಯ ಇನ್ನೊಂದು ದಿನ ಉಸಿರಾಡಿದರೆ ಸ್ಟೇಶನ್ ರೋಡಿನ ಫ್ಲೆಕ್ಸ್ ಅಂಗಡಿಯವನಿಗೆ ಬೇಜಾರು!

ಆಮೇಲೆ ನಮ್ಮ ಚಹಾದ ಗುಂಪಿನಲ್ಲೂ ಇದು ಆಟವಾಯಿತು. ಪ್ರತಿ ಡಿಸೆಂಬರ್ 31ಕ್ಕೆ ತಲಾ ನೂರು ರೂಪಾಯಿ, ತಲಾ ಹತ್ತು ಹೆಸರು. ವರ್ಷದಲ್ಲಿ ಯಾರ ಪಟ್ಟಿಯಿಂದ ಜಾಸ್ತಿ ಜನ ಹೋಗುತ್ತಾರೋ ಅವರಿಗೆ ದುಡ್ಡು. ಇಂಗ್ಲೆಂಡ್, ಅಮೆರಿಕದಲ್ಲಿ ಇದಕ್ಕೆ ಡೆಡ್ ಪೂಲ್ ಅಂತಾರಂತೆ. ಐಪಿಎಲ್ ಬೆಟ್ಟಿಂಗ್‌ನಲ್ಲಿ ಪಳಗಿದ ಒಬ್ಬ, ಮುದುಕರನ್ನೇ ಹಾಕಿದರೆ ಮಜಾ ಇಲ್ಲ ಅಂತ ನಿಯಮ ಬದಲಾಯಿಸಿದ. ವಯಸ್ಸು ಕಡಿಮೆ ಇದ್ದಷ್ಟೂ ಮಾರ್ಕ್ಸ್ ಜಾಸ್ತಿ. ಕೇಳಲು ಸಣ್ಣ ನಿಯಮ. ಆದರೆ ಎಲ್ಲಾ ಕೆಟ್ಟಿದ್ದು ಅದರಿಂದಲೇ. ಅಲ್ಲಿಯವರೆಗೆ ಯಾರಿಗೆ ಎಷ್ಟು ವಯಸ್ಸು ಅಂತ ನೋಡುತ್ತಿದ್ದವರು ಈಗ ಯಾರಿಗೆ ಏನು ರೋಗ ಅಂತ ಹುಡುಕತೊಡಗಿದೆವು. ಯಾರ ಕೂದಲು ಉದುರಿದೆ, ಯಾರು ಫಾರಿನ್‌ಗೆ ಚಿಕಿತ್ಸೆಗೆ ಹೋಗಿದ್ದಾರೆ, ಯಾರ ಕೈ ನಡುಗುತ್ತೆ. ಒಬ್ಬ ನಟಿಗೆ ಕ್ಯಾನ್ಸರ್ ಅಂತ ಸುದ್ದಿ ಬಂದಾಗ ನಮ್ಮಲ್ಲೊಬ್ಬ "ಛೇ, ನಾ ಬರೀಬೇಕಾಗಿತ್ತು" ಅಂದ. ಆಕೆಗೆ ಇಬ್ಬರು ಸಣ್ಣ ಮಕ್ಕಳು.

ಗುಂಪಿನಲ್ಲಿ ಒಬ್ಬ ವಿಮಾ ಏಜೆಂಟ್ ಗೆಳೆಯ ಇದ್ದಾನೆ. ಆಟಕ್ಕೆ ಸೇರಲ್ಲ, ಚಹಾಕ್ಕೆ ಮಾತ್ರ ಬರ್ತಾನೆ. ಅವನು ಒಂದು ದಿನ ಲೆಕ್ಕ ಹೇಳಿದ. ಮೂವತ್ತು ದಾಟಿದ ಮೇಲೆ ಸುಮಾರು ಎಂಟು ವರ್ಷಕ್ಕೊಮ್ಮೆ ಸಾಯುವ ಸಾಧ್ಯತೆ ದುಪ್ಪಟ್ಟಾಗುತ್ತಾ ಹೋಗುತ್ತಂತೆ, ಇದನ್ನು ಗೊಂಪರ್ಟ್ಜ್ ಅನ್ನೋ ಇಂಗ್ಲೆಂಡಿನವನು 1825ರಲ್ಲೇ ಬರೆದಿಟ್ಟಿದ್ದಾನೆ. ಹಾಗೆ ಬೆಳೆದೂ ಬೆಳೆದೂ 90 ವರ್ಷದ ಗಂಡಸಿಗೆ ಅದು ಎಷ್ಟಾಗುತ್ತೆ ಹೇಳಿ? ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ ಆರರಲ್ಲಿ ಒಂದು, ಹೆಚ್ಚುಕಮ್ಮಿ. ಅಂದರೆ ಆರು ಜನ ತೊಂಬತ್ತರವರಲ್ಲಿ ಐದು ಜನ ತೊಂಬತ್ತೊಂದನೇ ಬರ್ತ್‌ಡೇ ಮಾಡಿಕೊಳ್ಳುತ್ತಾರೆ. "ನಿಮ್ಮ ಪಟ್ಟಿ ಮಟ್ಕಾಕ್ಕಿಂತ ಸ್ವಲ್ಪ ಚಲೋ, ಅಷ್ಟs" ಅಂದ.

ಇನ್ನೊಂದು ಮಾತೂ ಹೇಳಿದ. ಸಂಬಂಧ ಇಲ್ಲದವರ ಜೀವದ ಮೇಲೆ ಪಾಲಿಸಿ ಮಾಡಿಸಲು ಬರಲ್ಲ. ಅವರು ಹೋದರೆ ನಿನಗೆ ನಷ್ಟ ಆಗಬೇಕು, ಹೆಂಡತಿ, ಗಂಡ, ಪಾಲುದಾರ, ಹೀಗೆ. ಹಿಂದೆ ಲಂಡನ್‌ನಲ್ಲಿ ರಾಜನ ಜೀವದ ಮೇಲೂ, ಹಾಸಿಗೆ ಹಿಡಿದ ದೊಡ್ಡವರ ಮೇಲೂ ಹೀಗೇ ಪಾಲಿಸಿ ಹೆಸರಲ್ಲಿ ಬೆಟ್ಟಿಂಗ್ ನಡೀತಿತ್ತಂತೆ. ಅದು ಹದ್ದು ಮೀರಿ, 1774ರಲ್ಲಿ ಕಾನೂನು ಮಾಡಿ ನಿಲ್ಲಿಸಿದರು. "ಯಾರ ಸಾವಿನಿಂದ ನಿನಗ ಬರೀ ಲಾಭ ಐತಿ, ಅವರ ಮ್ಯಾಲ ರೊಕ್ಕ ಹಚ್ಚಂಗಿಲ್ಲೋ" ಅಂದ. ನಾವು ನಕ್ಕು ಇನ್ನೊಂದು ಚಹಾ ಹೇಳಿದೆವು.

2021ರ ಅಕ್ಟೋಬರ್ 29 ನಿಮಗೆಲ್ಲ ನೆನಪಿರುತ್ತೆ. ರಾಜ್ಯೋತ್ಸವದ ಫ್ಲೆಕ್ಸ್ ಮಷಿನ್ ಮೇಲೆ ಓಡುತ್ತಿತ್ತು. ಅಪ್ಪು ಇಲ್ಲ ಅಂದರು. 46 ವರ್ಷ. ನಮ್ಮ ಯಾರ ಪಟ್ಟಿಯಲ್ಲೂ ಇಲ್ಲ, ನನ್ನ ಫೋಲ್ಡರ್‌ನಲ್ಲೂ ಇಲ್ಲ. ಕೆಂಪು ಹಳದಿ ಬಣ್ಣದ ರೋಲ್ ಅರ್ಧಕ್ಕೆ ನಿಲ್ಲಿಸಿ ಡಿಸೈನ್ ಮಾಡಲು ಕೂತೆ, ಅಂಗಡಿ ಹುಡುಗ ಅಳುತ್ತಿದ್ದ, ಮೌಸ್ ಹಿಡಿದ ಕೈ ನೆಟ್ಟಗೆ ಹೋಗಲಿಲ್ಲ.

ಅಷ್ಟಾದರೂ ಫೋಲ್ಡರ್ ಅಳಿಸಲಿಲ್ಲ ನೋಡಿ.

2022ರ ಡಿಸೆಂಬರ್ ಕೊನೆ. ನಮ್ಮೂರ ಜ್ಞಾನಯೋಗಾಶ್ರಮದಲ್ಲಿ ಸಿದ್ಧೇಶ್ವರ ಸ್ವಾಮೀಜಿಗಳ, ನಮ್ಮೆಲ್ಲರ ಅಪ್ಪಗಳ, ಆರೋಗ್ಯ ಕೆಟ್ಟಿತ್ತು. ಆಶ್ರಮದ ಮುಂದೆ ಜನವೋ ಜನ, ರಾತ್ರಿ ಚಳಿಯಲ್ಲೂ ಕದಲುತ್ತಿರಲಿಲ್ಲ. ನಮ್ಮವ್ವನೂ ದಿನಾ ಹೋಗಿ ನಿಲ್ಲುತ್ತಿದ್ದಳು. ಜನವರಿ 1ಕ್ಕೆ ಪರಿಚಯದ ಹುಡುಗ ಒಬ್ಬ ಬಂದ.

"ಕಾಕಾ, ಅಪ್ಪಾರದೊಂದು ಡಿಸೈನ್ ಮಾಡಿ ಇಡ್ರಿ."

"ಇನ್ನಾ ಅದಾರಲ್ಲೋ."

"ಅದಾರ್ರೀ. ಆದ್ರ ಆಮ್ಯಾಲ ನಿಮ್ಮ ಕಡೆ ಪಾಳಿ ಹತ್ತತೈತಿ."

ಬಾಯಲ್ಲಿ ಹಾಗಂದೆನೇ ಹೊರತು ಡಿಸೈನ್ ಆಗಲೇ ರೆಡಿ ಇತ್ತು. ನೋಡಲಿ ಅಂತ ಅವನ ವಾಟ್ಸಾಪ್‌ಗೆ ಕಳಿಸಿದೆ. ಅವನು ಎಲ್ಲರಿಗಿಂತ ಮೊದಲು ಹಾಕಬೇಕು ಅಂತಲೋ ಏನೋ, ಸ್ಟೇಟಸ್‌ಗೆ ಹಾಕಿಬಿಟ್ಟ. ಅರ್ಧ ತಾಸಿನಲ್ಲಿ ಅದು ಎಲ್ಲೆಲ್ಲೋ ಹೋಯಿತು. ಅವ್ವ ಆಶ್ರಮದ ಮುಂದೆ ನಿಂತಿದ್ದಾಗ ಪಕ್ಕದ ಹೆಣ್ಣುಮಗಳ ಮೊಬೈಲ್‌ನಲ್ಲಿ ಅದನ್ನು ನೋಡಿ ರಸ್ತೆ ಮೇಲೇ ಕುಸಿದು ಕೂತಳಂತೆ. ಒಳಗಿನಿಂದ ಮೈಕಿನಲ್ಲಿ ಸುದ್ದಿ ಸುಳ್ಳು ಅಂತ ಹೇಳಿದ ಮೇಲೆ ಎದ್ದಳು. ರಾತ್ರಿ ಮನೆಗೆ ಬಂದು ಊಟಕ್ಕೆ ಬಡಿಸುವಾಗ ಒಂದೇ ಮಾತು ಕೇಳಿದಳು. "ಆ ದೀಪದ ಚಿತ್ರ ನಿಂದs ಅಲ್ಲ?"

ನನ್ನದೇ. ಐದು ಬತ್ತಿಯ ಹಿತ್ತಾಳೆ ದೀಪ, ಎಲ್ಲಾ ಶ್ರದ್ಧಾಂಜಲಿಗೂ ಅದನ್ನೇ ಹಾಕುತ್ತೇನೆ. ನಮ್ಮಪ್ಪ ಹೋದಾಗಲೂ ಅದನ್ನೇ ಹಾಕಿದ್ದೆ. ಆಕೆ ಇನ್ನೇನೂ ಅನ್ನಲಿಲ್ಲ.

ಮರುದಿನ ಸಂಜೆ, ವೈಕುಂಠ ಏಕಾದಶಿ ದಿನ, ಅಪ್ಪಗಳು ನಿಜಕ್ಕೂ ಹೋದರು. ಜನವರಿ 3ಕ್ಕೆ ಸೈನಿಕ ಶಾಲೆ ಮೈದಾನದಲ್ಲಿ ಸೇರಿದ ಜನಸಾಗರ ನಾನು ಬೇರೆಲ್ಲೂ ನೋಡಿಲ್ಲ. ಆಗ ಗೊತ್ತಾಗಿದ್ದು, ಅವರು 2014ರ ಗುರುಪೂರ್ಣಿಮೆಗೇ ತಮ್ಮ ಕೊನೆಯ ಪತ್ರ ಬರೆದಿಟ್ಟಿದ್ದರು ಅಂತ. ದೇಹ ಸುಡಿ, ಬೂದಿ ನೀರಿಗೆ ಬಿಡಿ, ಸ್ಮಾರಕ ಮಾಡಬೇಡಿ. ಜೇಬಿಲ್ಲದ ಅಂಗಿ ತೊಟ್ಟು, ಪದ್ಮಶ್ರೀ ಕೊಟ್ಟರೂ ಬೇಡ ಅಂದ ಮನುಷ್ಯ ಇನ್ನೇನು ಬರೆದಾರು? ನನ್ನ 'ರೆಡಿ' ಫೋಲ್ಡರ್ ಹುಟ್ಟುವ ನಾಲ್ಕು ವರ್ಷ ಮೊದಲೇ ಅವರು ರೆಡಿ ಇದ್ದರು. ಗುರುತು ಬೇಡ ಅಂದವರ ಊರಲ್ಲಿ ಅವತ್ತು ಕಂಬ ಕಂಬಕ್ಕೂ ಫ್ಲೆಕ್ಸ್. ನಾನೂ ಹಾಕಿದೆ, ಸುಳ್ಳು ಯಾಕೆ ಹೇಳಲಿ. ದೀಪ ಮಾತ್ರ ಬದಲಾಯಿಸಿದೆ.

ಅದೇ ವಾರ ಫೋಲ್ಡರ್ ಅಳಿಸಿದೆ, ಗುಂಪಿನ ಆಟವೂ ಬಿಟ್ಟೆ.

ಇದು ನಮ್ಮಂಥ ಸಣ್ಣವರ ಚಟ ಅಷ್ಟೇ ಅಂದುಕೊಳ್ಳಬೇಡಿ. 1979ರ ಮಾರ್ಚ್ 22ರಂದು ಜಯಪ್ರಕಾಶ ನಾರಾಯಣರು ತೀರಿಕೊಂಡರು ಅಂತ ಪ್ರಧಾನಿ ಮೊರಾರ್ಜಿ ದೇಸಾಯಿಯವರೇ ಲೋಕಸಭೆಯಲ್ಲಿ ಹೇಳಿದರು. ಜೆಪಿ ಮುಂಬೈನ ಆಸ್ಪತ್ರೆಯಲ್ಲಿ ಜೀವಂತ ಇದ್ದರು. ಅಕ್ಟೋಬರ್ 8ರವರೆಗೂ ಇದ್ದರು. 2025ರ ನವೆಂಬರ್ 11ಕ್ಕೆ ಟಿವಿಯವರು ಧರ್ಮೇಂದ್ರರನ್ನು ಕಳಿಸಿಯೇಬಿಟ್ಟರು, ದೊಡ್ಡ ದೊಡ್ಡವರು ಸಂತಾಪ ಬರೆದು ಆಮೇಲೆ ಅಳಿಸಿದರು, ಹೇಮಾ ಮಾಲಿನಿ ಸಿಟ್ಟಿನಿಂದ ಇದು ಕ್ಷಮಿಸುವ ಮಾತಲ್ಲ ಅಂತ ಬರೆಯಬೇಕಾಯಿತು. ಅವರು ಹೋಗಿದ್ದು 24ಕ್ಕೆ. ಆ 13 ದಿನ ಆ ಮನೆಯವರಿಗೆ ಎಷ್ಟು ದೊಡ್ಡದಾಗಿತ್ತೋ.

ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2023ರ ಫೆಬ್ರವರಿಯಲ್ಲಿ ಇನ್ನು ಆಸ್ಪತ್ರೆ ಸಾಕು ಅಂತ ಮನೆಗೆ ಹೋದರು. ವಾರವೋ ತಿಂಗಳೋ ಅಂದುಕೊಂಡರು ಎಲ್ಲರೂ. ಆ ಮನುಷ್ಯ ನೂರನೇ ಹುಟ್ಟುಹಬ್ಬ ಮಾಡಿಕೊಂಡು, ಓಟು ಹಾಕಿ, 2024ರ ಡಿಸೆಂಬರ್ 29ಕ್ಕೆ ಹೋದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಾಲಿವುಡ್ ನಟಿ ಎಲಿಜಬೆತ್ ಟೇಲರ್ ಕತೆ. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಆಕೆಯ ನಿಧನದ ಬರಹ ಮೊದಲೇ ತಯಾರಿತ್ತು. 2011ರಲ್ಲಿ ಆಕೆ ಹೋದಾಗ ಅದು ಅಚ್ಚಾಯಿತು. ಅದನ್ನು ಬರೆದ ಮೆಲ್ ಗಸೋ 2005ರಲ್ಲೇ ತೀರಿಕೊಂಡಿದ್ದರು!

ಪತ್ರಿಕೆಯವರು ಬರೆದಿಡುವುದು ತಪ್ಪು ಅಂತ ನಾನು ಹೇಳಲ್ಲ. ಅವಸರದಲ್ಲಿ ನಾಲ್ಕು ಸಾಲು ಗೀಚುವುದಕ್ಕಿಂತ ಒಬ್ಬರ ಬದುಕನ್ನು ಕೂತು ಬರೆದಿಡುವುದು ಒಂದು ಮರ್ಯಾದೆಯೇ. ಸಾವಿನ ಮಾತೇ ಆಡಬಾರದು, ಬಿಡ್ತು ಅನ್ನು ಅನ್ನುವವರ ಜೊತೆಗೂ ನಾನಿಲ್ಲ. ನಮ್ಮ ಕಡೆ ಹಿರಿಯರು ಅದನ್ನೆಲ್ಲ ಜಾಸ್ತಿ ಮುಚ್ಚಿಡಲ್ಲ. ಮಣ್ಣಿಗೆ ಉಡಿಸುವ ಸೀರೆ ಯಾವುದು, ಖರ್ಚಿನ ದುಡ್ಡು ಯಾವ ಡಬ್ಬಿಯಲ್ಲಿದೆ, ಎಲ್ಲಾ ಸೊಸೆಗೆ ಹೇಳಿಟ್ಟಿರುತ್ತಾರೆ. ಆದರೆ ಚಹಾದ ಗಾಡಿಯ ಆ ಹುಡುಗ ನಾಳೆ ಬೆಳಿಗ್ಗೆ ಎದ್ದು ಮೊಬೈಲ್ ತೆಗೆದಾಗ ಏನು ಹುಡುಕುತ್ತಾನೆ ಅನ್ನೋದು ನನಗೆ ಗೊತ್ತು. ಒಮ್ಮೆ ಹೆಸರು ಹೇಳಿದ ಮೇಲೆ ಕಾಯುವುದು ತಾನಾಗಿಯೇ ಶುರುವಾಗುತ್ತೆ. ಅದು ಬರೀ ಜೋಕ್ ಅಂತ ಅವನು ಅಂದುಕೊಂಡಿದ್ದಾನೆ, ನಾನೂ ಬಿಸಿನೆಸ್ ಅಂದುಕೊಂಡಿದ್ದೆ.

ಅಂದಹಾಗೆ ಈಗಲೂ ಪೂರ್ತಿ ಖಾಲಿ ಇದೆ ಅಂದರೆ ಸುಳ್ಳಾಗುತ್ತೆ. ಆಮೇಲೆ ಒಂದು ಫೈಲ್ ಸೇರಿದೆ. ಎರಡು ವರ್ಷದ ಹಿಂದೆ ನಮ್ಮ ಓಣಿಯ ಒಬ್ಬ ಆಯಿ ಮೊಮ್ಮಗನ ಕೈ ಹಿಡಿದುಕೊಂಡು ಅಂಗಡಿಗೆ ಬಂದಳು. ಮೊಮ್ಮಗಳ ಮದುವೆಯಲ್ಲಿ ತೆಗೆಸಿದ ಫೋಟೋ ಕೊಟ್ಟು, "ತಮ್ಮಾ, ನಾ ಹೋದ ಮ್ಯಾಲ ಇದನ್ನs ಹಾಕು. ನನ್ನ ಮಕ್ಕಳು ಆಧಾರ್ ಕಾರ್ಡಿಂದು ಕೊಡ್ತಾರ, ಅದು ಹಾಕಬ್ಯಾಡ" ಅಂದಳು. ಕೂರಿಸಿಕೊಂಡು ಡಿಸೈನ್ ಮಾಡಿ ತೋರಿಸಿದೆ. ಅಡ್ವಾನ್ಸ್ ಅಂತ ಐವತ್ತು ರೂಪಾಯಿ ಮೇಜಿನ ಮೇಲಿಟ್ಟು, ಬೇಡ ಅಂದರೂ ಕೇಳದೆ ಹೋದಳು.

ಹೋದ ತಿಂಗಳು ಮತ್ತೆ ಬಂದಿದ್ದಳು. ಕೆಳಗಿನ ಸಾಲಿನಲ್ಲಿರುವ ನಡುವಿನ ಮಗನನ್ನು ತೆಗೆಯಬೇಕಂತೆ, ಹೊಲದ ವಿಷಯಕ್ಕೆ ಜಗಳ ಆಗಿದೆ. ತೆಗೆದೆ. ಆದರೆ ಪೂರ್ತಿ ಅಳಿಸಬೇಡ, ಎಲ್ಲಾದರೂ ಇಟ್ಟಿರು, ದೀಪಾವಳಿಗೆ ಬಂದರೆ ಹೇಳ್ತೀನಿ ಅಂದಿದ್ದಾಳೆ.